ಮೊಟ್ಟೆ ಟ್ರೇಯಲ್ಲಿ ಕಲ್ಲುಗಳು: ಮೂವತ್ತಕ್ಕೆ ಹತ್ತೊಂಬತ್ತು

ಮೂವತ್ತು ಮೊಟ್ಟೆ ಹಿಡಿಯುವ ಟ್ರೇ ಒಂದಿದೆ. ಗುಂಡಿಗೊಂದು ಕಲ್ಲು. ಬಳ್ಳಾರಿ, ಕೊಪ್ಪಳ, ರಾಯಚೂರು ಬಿಟ್ಟು ಹೊರಗಿನದು ಇರಬಾರದು. ದುಡ್ಡು ಕೊಟ್ಟು ಕೊಂಡದ್ದೂ ಇರಬಾರದು. ಯಾವ ಕಲ್ಲು ಅಂತ ಮನೆಯಲ್ಲೇ ಪರೀಕ್ಷೆ ಮಾಡಿ ಖಾತ್ರಿಯಾದ ಮೇಲೆಯೇ ಗುಂಡಿಗೆ ಇಳಿಸಬೇಕು. ಯುಗಾದಿ ಮುಗಿದ ಮೇಲೆ ಶುರು ಮಾಡಿದೆ, ಈಗ ದಸರಾ ಹತ್ತಿರ ಬಂತು. ಹತ್ತೊಂಬತ್ತು ತುಂಬಿವೆ. ನಡುವೆ ಒಮ್ಮೆ ಇಪ್ಪತ್ತೊಂದಕ್ಕೆ ಹೋಗಿತ್ತು. ಮೂರನ್ನು ವಾಪಸ್ ತೆಗೆದೆ, ಅದರಲ್ಲಿ ಒಂದು ಆಮೇಲೆ ಮತ್ತೆ ಒಳಗೆ ಬಂತು. ಆ ಮೂರರ ಕಥೆಯೇ ಇಲ್ಲಿ ಜಾಸ್ತಿ.

ಏಪ್ರಿಲ್

ಸಾಮಾನು ಸೇರಿಸುವುದರಲ್ಲೇ ತಿಂಗಳು ಹೋಯಿತು. ಕೆಟ್ಟುಹೋದ ಸ್ಪೀಕರ್‌ನಿಂದ ಬಿಚ್ಚಿದ ಅಯಸ್ಕಾಂತ. ಗೇಣುದ್ದ ತಾಮ್ರದ ವೈರು. ಅಂಚಿಗೆ ಟೇಪ್ ಸುತ್ತಿದ ಕಿಟಕಿ ಗಾಜಿನ ಚೂರು. ಹಳೆಯ ಅರ. ಒಂದು ಭೂತಗನ್ನಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದು ಅಮ್ಮನದು, ಪ್ರತಿ ಸಲ ಕೇಳಿಯೇ ತಗೋಬೇಕು. ಉಗುರು ನಮ್ಮದೇ.

ಗಟ್ಟಿತನ ನೋಡಲು ಇಷ್ಟು ಸಾಕು. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಎನ್ನುವವರು ಹತ್ತು ಖನಿಜಗಳನ್ನು ಮೆತ್ತಗಿನದರಿಂದ ಗಟ್ಟಿಯದರವರೆಗೆ ಸಾಲಾಗಿ ನಿಲ್ಲಿಸಿದರು. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ವಜ್ರ 10. ಯಾವುದು ಯಾವುದನ್ನು ಗೀರುತ್ತದೆ ಅನ್ನುವುದಷ್ಟೇ ಲೆಕ್ಕ. ಆ ಸಾಲಿನಲ್ಲಿ ಉಗುರಿಗೆ ಸುಮಾರು 2.5, ತಾಮ್ರಕ್ಕೆ 3, ಕಿಟಕಿ ಗಾಜಿಗೆ 5.5, ಒಳ್ಳೆಯ ಅರಕ್ಕೆ 6.5. ಒಂಬತ್ತನೆಯ ಜಾಗದ ಕೊರಂಡಮ್ ಇದೆಯಲ್ಲ, ಆ ಹೆಸರು ಹೋಗಿದ್ದೇ ನಮ್ಮ ದಕ್ಷಿಣದ ಭಾಷೆಗಳ ಕುರುಂದದಿಂದ.

ಒಂದು ಪಾಠ ಮೊದಲ ವಾರವೇ ಆಯಿತು. ಗೀರು ಬಿತ್ತು ಅಂದುಕೊಂಡಿದ್ದು ಎಷ್ಟೋ ಸಲ ಗೀರೇ ಅಲ್ಲ, ಮೆತ್ತಗಿನ ವಸ್ತು ಬಿಟ್ಟುಹೋದ ಪುಡಿ. ಒದ್ದೆ ಬೆರಳಿನಿಂದ ಉಜ್ಜಬೇಕು. ಅಳಿಸಿಹೋದರೆ ಪುಡಿ. ಉಗುರಿಗೆ ತಡೆದರೆ ಗೀರು. ನಾನು ತಾಮ್ರದ ವೈರಿನಿಂದ ಕರಿಕಲ್ಲನ್ನು ಗೀರಿಬಿಟ್ಟೆ ಅಂತ ಒಂದು ದಿನವೆಲ್ಲ ಬೀಗಿದ್ದೆ!

ಮೇ

ಬಿಳಿ ಕಲ್ಲುಗಳ ತಿಂಗಳು. ಬೇರೇನೂ ಆಗಲಿಲ್ಲ. ಈ ಊರಿನ ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರ ಮೇಲೆ ಬಂಡೆ ಮುಟ್ಟುವುದಕ್ಕೂ ಆಗಲ್ಲ.

ಮೂರು ಬಿಳಿ ಕಲ್ಲು ಮುಂದಿಟ್ಟುಕೊಂಡರೆ ಮೂರೂ ಒಂದೇ ಥರ. ಒಂದು ಗ್ರಾನೈಟ್ ಬಂಡೆಯ ಬುಡದಲ್ಲಿ ಸಿಕ್ಕಿದ್ದು. ಇನ್ನೊಂದು ಗಂಗಾವತಿಗೆ ಹೋಗುವ ದಾರಿಯಲ್ಲಿ ಸಿಕ್ಕಿದ್ದು. ಮತ್ತೊಂದು ಸಿರುಗುಪ್ಪ ಕಡೆಯ ಎರೆಹೊಲದಿಂದ ನೆಂಟರೊಬ್ಬರು ಜೇಬಲ್ಲಿ ಹಾಕಿಕೊಂಡು ಬಂದಿದ್ದು. ಮೂರನೆಯದು ಬೇಗ ಸೋತಿತು. ಚಾಕುವಿಗೆ ಗೀರು ಬಿತ್ತು, ಕೆರೆದ ಪುಡಿಯ ಮೇಲೆ ವಿನೆಗರ್ ಹನಿಸಿದರೆ ಬುಸ್ ಅಂತ ಗುಳ್ಳೆ ಎದ್ದವು. ಸುಣ್ಣಕಲ್ಲು. ಮಳೆ ಕಡಿಮೆಯಾದ ಎರೆಭೂಮಿಯಲ್ಲಿ ಕರಗಿದ ಸುಣ್ಣ ಒಣಗಿ ಗಂಟುಗಂಟಾಗಿ ಕೂಡಿಕೊಳ್ಳುತ್ತದೆ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿದರೆ ಕಲೆ ಉಳಿಯುವುದೂ ಇದೇ ಕಾರಣಕ್ಕೆ, ಅದೂ ಸುಣ್ಣದ ಜಾತಿಯ ಕಲ್ಲೇ.

ಉಳಿದೆರಡೂ ಗಾಜನ್ನು ಗೀರಿದವು. ಇಲ್ಲಿ ಬಿಸಿಲು ಕೆಲಸಕ್ಕೆ ಬಂತು. ಅಂಗಳದಲ್ಲಿ ನಿಂತು ಕಲ್ಲನ್ನು ಮೆಲ್ಲಗೆ ಹೊರಳಿಸಿದರೆ ಒಂದರಲ್ಲಿ ಚಪ್ಪಟೆ ಮುಖ ಕನ್ನಡಿ ಹಿಡಿದ ಹಾಗೆ ಪಳಕ್ ಅಂತ ಹೊಳೆಯಿತು. ಸ್ವಲ್ಪ ತಿರುಗಿಸಿದರೆ ಹೊಳಪು ಹೋಯಿತು. ಅದು ಫೆಲ್ಡ್‌ಸ್ಪಾರ್. ಒಡೆಯುವಾಗ ಯಾವಾಗಲೂ ಹೆಚ್ಚುಕಡಿಮೆ ಮೂಲೆಮಟ್ಟಕ್ಕೆ ನಿಂತ ಎರಡು ಸಪಾಟು ದಿಕ್ಕಿನಲ್ಲೇ ಬಿರಿಯುತ್ತದೆ. ಇನ್ನೊಂದು ಬೆಣಚುಕಲ್ಲು. ಅದಕ್ಕೆ ಆ ಶಿಸ್ತಿಲ್ಲ, ಒಡೆದ ಬಾಟಲಿ ತಳದಂತೆ ಬಳುಕಿಕೊಂಡು ಒಡೆಯುತ್ತದೆ. ಹೊಳಪೂ ಎಣ್ಣೆ ಸವರಿದಂತೆ ಮಂಕು. ಖಾತ್ರಿಗೆ ಅರ ಹಿಡಿದೆ. ಫೆಲ್ಡ್‌ಸ್ಪಾರ್‌ಗೆ ಗೀರು ಬಿತ್ತು, ಬೆಣಚುಕಲ್ಲಿಗೆ ಇಲ್ಲ.

ಇಷ್ಟು ಗೊತ್ತಾದ ಮೇಲೆ ಬಳ್ಳಾರಿ ಕೋಟೆಯ ಗುಡ್ಡ ನೋಡುವ ರೀತಿಯೇ ಬೇರೆಯಾಯಿತು. ಅಷ್ಟು ದೊಡ್ಡ ಬಂಡೆ ಅಂದರೂ ಇವೆರಡು ಮತ್ತು ಒಂದಿಷ್ಟು ಕರಿ ಅಭ್ರಕ, ಅಷ್ಟೇ. ಅಭ್ರಕಕ್ಕೆ ನಮ್ಮಲ್ಲಿ ಕಾಗೆಬಂಗಾರ ಅನ್ನುತ್ತಾರಲ್ಲ, ಅದರ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಸೂಜಿಮೊನೆ ತೂರಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತದೆ.

ಜೂನ್, ಜುಲೈ

ಇಲ್ಲೇ ಎಡವಿದ್ದು.

ಸಂಡೂರು ರಸ್ತೆಯಲ್ಲಿ ಲಾರಿಗಳಿಂದ ಉದುರಿದ ಅದಿರಿನ ಚೂರು ಬೇಕಾದಷ್ಟು. ನಾಲ್ಕು ಆಯ್ದು ತಂದೆ. ಒಂದು ಕೆಂಪು, ಒಂದು ಉಕ್ಕಿನಂತೆ ಬೂದು, ಎರಡು ಕಪ್ಪು. ಬಣ್ಣ ನೋಡಿ ಹೆಸರು ಹೇಳಬಾರದು, ಪುಡಿಯ ಬಣ್ಣ ನೋಡಬೇಕು ಅಂತ ಓದಿದ್ದೆ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಬೀಳುವ ಗೆರೆಯೇ ಖನಿಜದ ನಿಜವಾದ ಬಣ್ಣ. ಸರಿ, ಬಚ್ಚಲಿಗೆ ಹಾಕಿ ಮಿಕ್ಕಿದ್ದ ಟೈಲ್ಸ್ ತಿರುವಿ ಹಿಂಬದಿಗೆ ಉಜ್ಜಿದೆ. ನಾಲ್ಕೂ ಕೆಂಪು ಗೆರೆ. ನಾಲ್ಕೂ ಹೆಮಟೈಟ್, ಅಂದರೆ ಕೆಂಪು ಗೆರೆ ಬಿಡುವ ಕಬ್ಬಿಣದ ಅದಿರು ಅಂತ ಬರೆದು, ಅದರಲ್ಲಿ ಎರಡು ಒಳ್ಳೆಯ ತುಂಡನ್ನು ಟ್ರೇಗೆ ಇಳಿಸಿದೆ.

ಅಕ್ಕನ ಮಗಳು ರಜೆಗೆ ಬಂದಿದ್ದಳು, ಏಳನೇ ಕ್ಲಾಸು. ಅವಳೇ ಕೇಳಿದ್ದು. "ಮಾಮಾ, ಟೈಲ್ಸ್ ಹಿಂದೆ ಮೊದಲೇ ಕೆಂಪಗೈತಲ್ಲ?"

ಹೌದು. ಅದು ಪಿಂಗಾಣಿ ಅಲ್ಲ, ಕೆಂಪು ಜೇಡಿಯ ಗೋಡೆ ಟೈಲ್ಸ್. ಗಟ್ಟಿ ಅದಿರು ಉಜ್ಜಿದಾಗ ಟೈಲ್ಸೇ ಸವೆದು ಪುಡಿ ಬಿಟ್ಟಿದೆ. ನಾನು ಟೈಲ್ಸನ್ನೇ ಪರೀಕ್ಷೆ ಮಾಡಿಕೊಂಡು ಕೂತಿದ್ದೆ.

ಒಡೆದುಹೋದ ಪಿಂಗಾಣಿ ಫ್ಯೂಸ್ ಒಂದಿತ್ತು. ಒಡೆದ ಜಾಗದಲ್ಲಿ ಮೆರುಗಿಲ್ಲದ ಅಚ್ಚ ಬಿಳುಪು. ಅದರ ಮೇಲೆ ಉಜ್ಜಿದಾಗ ಲೆಕ್ಕ ಬದಲಾಯಿತು. ಕೆಂಪು ತುಂಡು ಕೆಂಪು ಗೆರೆ ಎಳೆಯಿತು, ಬಿಡಿ. ಉಕ್ಕಿನ ಬಣ್ಣದ್ದು ಕೂಡ ಕೆಂಪೇ, ಹಸಿ ಕೆಮ್ಮಣ್ಣಿನ ಬಣ್ಣ! ಇದನ್ನು ಎಷ್ಟು ಸಲ ಮಾಡಿದರೂ ಬೇಜಾರಾಗಲ್ಲ. ಬೂದು ಲೋಹದಂತೆ ಹೊಳೆಯುವ ಕಲ್ಲು, ಎಳೆದರೆ ರಕ್ತದ ಗೆರೆ. ಅದೇ ಹೆಮಟೈಟ್, ಹೆಸರಿನ ಗ್ರೀಕ್ ಮೂಲದಲ್ಲೂ ರಕ್ತವೇ ಇದೆ. ಕಪ್ಪು ಎರಡರದೂ ಕಪ್ಪು ಗೆರೆ. ಅದರಲ್ಲಿ ಒಂದಕ್ಕೆ ಅಯಸ್ಕಾಂತ ಟಕ್ ಅಂತ ಅಂಟಿತು, ಅದು ಮ್ಯಾಗ್ನಟೈಟ್, ಕಬ್ಬಿಣದ್ದೇ ಇನ್ನೊಂದು ಅದಿರು. ಇನ್ನೊಂದಕ್ಕೆ ಅಂಟಲಿಲ್ಲ, ಆದರೆ ಹಿಡಿದ ಬೆರಳೆಲ್ಲ ಮಸಿ. ಅದು ಮ್ಯಾಂಗನೀಸ್ ಅದಿರು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸೂ ಇದೆ ಅಂತ ಇಲ್ಲಿಯವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೂ ಹೆಮಟೈಟ್ ಅಂತ ಚೀಟಿ ಅಂಟಿಸಿ ಟ್ರೇಗೆ ಇಳಿಸಿದ್ದ ಎರಡರಲ್ಲಿ ಇದೂ ಒಂದು. ಟ್ರೇಯಿಂದ ಹೊರಬಂದ ಮೊದಲ ಕಲ್ಲು ಅದು. ಮೊದಲಿಂದ ಎಲ್ಲ ಪರೀಕ್ಷೆ ಮಾಡಿ ಆಮೇಲೆ ಸರಿಯಾದ ಹೆಸರಲ್ಲಿ ವಾಪಸ್ ಇಳಿಸಿದೆ, ಹತ್ತೊಂಬತ್ತರಲ್ಲಿ ಅದೂ ಇದೆ.

ಎರಡನೆಯದು ಜಾಸ್ಪರ್, ಅಂದರೆ ಬೆಣಚಿನ ಜಾತಿಯ ಗಟ್ಟಿ ಕಲ್ಲು ಅಂದುಕೊಂಡ ಕೆಂಪು ಕಲ್ಲು. ಸಂಡೂರು ಕಡೆ ಕೆಂಪು ಜಾಸ್ಪರ್ ಪಟ್ಟಿಯೂ ಕಬ್ಬಿಣದ ಪಟ್ಟಿಯೂ ಒಂದರ ಮೇಲೊಂದು ಕೂತ ಚೆಂದದ ಕಲ್ಲು ಇರುತ್ತದೆ. ಅದರದೇ ತುಂಡು ಅಂತ ಆಸೆ. ಸೋಪಿನ ನೀರಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಬ್ರಷ್ ಹಾಕಿದರೆ ಕೆಂಪೆಲ್ಲ ಬಕೆಟ್‌ನಲ್ಲಿ. ಕೈಯಲ್ಲಿ ಉಳಿದದ್ದು ಬರೀ ಬೆಣಚುಕಲ್ಲು. ಅದು ಟ್ರೇಯಲ್ಲಿ ಮೊದಲೇ ಇತ್ತು. ಈ ಊರಿನ ಧೂಳು ಬಿಳಿ ನಾಯಿಯನ್ನೂ ಕೆಂದ ಮಾಡುತ್ತದೆ. ಈಗ ತೊಳೆಯದೆ ಯಾವ ಕಲ್ಲನ್ನೂ ಮುಟ್ಟಿ ನೋಡುವುದಿಲ್ಲ.

ಆಗಸ್ಟ್

ಮೂರನೆಯದನ್ನು ಹೇಳಲು ನಾಚಿಕೆ. ಕುಡತಿನಿ ರಸ್ತೆಯ ಬದಿಯಲ್ಲಿ ಕಪ್ಪಗೆ, ಭಾರವಾಗಿ, ಅಯಸ್ಕಾಂತಕ್ಕೂ ಅಂಟುವ ಒಂದು ಗಟ್ಟಿ ಸಿಕ್ಕಿತು. ಉಲ್ಕೆ! ಮನೆಯವರಿಗೆಲ್ಲ ಫೋನ್ ಮಾಡಿದೆ. ಎರಡು ದಿನ ಬಟ್ಟೆಯಲ್ಲಿ ಸುತ್ತಿ ಟ್ರೇಯ ಗುಂಡಿಯಲ್ಲೇ ಇಟ್ಟಿದ್ದೆ. ಮೂರನೇ ದಿನ ಭೂತಗನ್ನಡಿ ಹಿಡಿದರೆ ಮೈತುಂಬ ಗುಳ್ಳೆಯ ತೂತು. ಉಲ್ಕೆಗಳಲ್ಲಿ ಹೀಗೆ ತೂತು ಇರುವುದು ತೀರಾ ಅಪರೂಪ. ಇದು ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ. ಇಷ್ಟೊಂದು ಕಬ್ಬಿಣದ ಕಾರ್ಖಾನೆ ಇರುವ ಜಿಲ್ಲೆಯಲ್ಲಿ ಆಕಾಶದ ಕಡೆ ನೋಡುವ ಮೊದಲು ಚಿಮಣಿ ಕಡೆ ನೋಡಬೇಕಿತ್ತು. ಕುಡತಿನಿಯಲ್ಲಿ ಹೊಸ ಶಿಲಾಯುಗದ ಬೂದಿದಿಬ್ಬ ಇದೆ, ಅಲ್ಲಿ ಸುಟ್ಟ ಸಗಣಿ ಕರಗಿ ಗಾಜಿನಂತೆ ಗಟ್ಟಿಯಾದ ಉಂಡೆಗಳೂ ಕಿಟ್ಟದ ಹಾಗೇ ಕಾಣುತ್ತವೆ. ಆದರೆ ಅವು ಹಗುರ. ಅಲ್ಲಿಂದ ಏನನ್ನೂ ಎತ್ತುವಂತೆಯೂ ಇಲ್ಲ.

ಅದೇ ತಿಂಗಳು ಲಿಂಗಸುಗೂರು ಕಡೆಯ ಸ್ನೇಹಿತ ಒಂದು ಬೆಣಚುಕಲ್ಲು ಕೊಟ್ಟ, ಒಳಗೆ ಹಳದಿ ಚುಕ್ಕಿಗಳು. ಹಟ್ಟಿ ಚಿನ್ನದ ಗಣಿ ಇರುವ ತಾಲ್ಲೂಕು, ಕೇಳಬೇಕಾ? ಬಿಳಿ ಪಿಂಗಾಣಿ ಮೇಲೆ ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು ಗೆರೆ. ಚಿನ್ನವಾಗಿದ್ದರೆ ಹಳದಿಯೇ ಬರಬೇಕು. ಆದರೂ ಆಸೆ ಬಿಡಲ್ಲ ನೋಡಿ, ಪರಿಚಯದ ಅಕ್ಕಸಾಲಿಗರ ಹತ್ತಿರ ಹೋದೆ.

"ಆಚಾರ್ರೇ, ಇದನ್ನ ಸ್ವಲ್ಪ ಒರೆ ಹಚ್ಚಿ ನೋಡ್ತೀರಾ?"

ಅವರು ಒರೆಗಲ್ಲು ತೆಗೆಯಲೇ ಇಲ್ಲ. ಸೂಜಿಯಿಂದ ಒಂದು ಚುಕ್ಕಿ ಒತ್ತಿದರು, ಪುಡಿಯಾಯಿತು. "ಬಂಗಾರ ಆದ್ರೆ ತಗ್ಗು ಬೀಳ್ತದಪ್ಪ, ಹಿಂಗೆ ಸಿಡಿಯಲ್ಲ" ಅಂದರು. ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಹಳದಿ ಖನಿಜ. ಹಟ್ಟಿಯ ಅದಿರಿನಲ್ಲಿ ಚಿನ್ನದ ಜೊತೆಗಾರ ಇದು, ಚಿನ್ನ ಮಾತ್ರ ಟನ್ನಿಗೆ ಕೆಲವೇ ಗ್ರಾಂ.

ಆಮೇಲೆ ಅವರ ಒರೆಗಲ್ಲನ್ನು ಕೇಳಿ ಕೈಗೆ ತಗೊಂಡೆ. ಕಪ್ಪಗೆ, ನುಣ್ಣಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ನಾನು ಫ್ಯೂಸ್ ತುಂಡಿನ ಮೇಲೆ ಮಾಡುತ್ತಿರುವುದನ್ನೇ ಅವರ ಮನೆತನ ಇದರ ಮೇಲೆ ಎಷ್ಟು ತಲೆಮಾರಿನಿಂದ ಮಾಡಿದೆಯೋ. ಬಂಗಾರದ ಗೆರೆ ಎಳೆದು ಅದಕ್ಕೆ ಆಸಿಡ್ ಹನಿಸುತ್ತಾರೆ. ಹಿತ್ತಾಳೆ ಗೆರೆ ಕರಗುತ್ತದೆ, ಬಂಗಾರದ್ದು ನಿಲ್ಲುತ್ತದೆ. ಗಟ್ಟಿತನ ನೋಡೋಣ ಅಂತ ಜೇಬಿನಿಂದ ಅರ ತೆಗೆದೆ, ಅಷ್ಟರಲ್ಲಿ ಕೈ ಹಿಡಿದುಕೊಂಡರು. "ಏ ಮಾರಾಯ, ಇದು ನಮ್ಮಜ್ಜಂದು!"

ಸೆಪ್ಟೆಂಬರ್

ತೂಕದ ತಿಂಗಳು. ಕೈಯಲ್ಲಿ ಹಿಡಿದು ಭಾರ ಅನ್ನುವುದು ಬೇರೆ, ಲೆಕ್ಕ ಹಾಕುವುದು ಬೇರೆ. ವಿಧಾನ ಇಷ್ಟೇ. ಮೊದಲು ಒಣ ಕಲ್ಲು ತೂಗಿ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ತಳ ಮುಟ್ಟದಂತೆ ಇಳಿಬಿಡಿ. ಈಗ ತಕ್ಕಡಿ ತೋರಿಸುವುದು ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಆ ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತದೆ.

ಬೆಣಚುಕಲ್ಲು 159 ಗ್ರಾಂ, ನೀರು 60. ಅಂದರೆ 2.65, ಪುಸ್ತಕದಲ್ಲಿ ಇರುವುದೂ ಅದೇ! ಹೆಮಟೈಟ್ 412 ಗ್ರಾಂ, ನೀರು 86, 4.79 ಬಂತು. ಶುದ್ಧ ಹೆಮಟೈಟ್ 5.26 ಇರಬೇಕು. ನನ್ನ ತುಂಡಿನಲ್ಲಿ ಸಣ್ಣ ತೂತುಗಳೂ ಒಂದಿಷ್ಟು ಬೆಣಚೂ ಇವೆ, ಹಾಗಾಗಿ ಕಡಿಮೆ. ದಾರದ ಸುತ್ತ ಗಾಳಿಗುಳ್ಳೆ ಕೂತರೂ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ಒರೆಸಿಕೊಳ್ಳಿ.

ತೂಗಲು ಬಾಕಿ ಇದ್ದದ್ದು ಡೋಲರೈಟ್ ಒಂದೇ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಕಡೆಯ ಗ್ರಾನೈಟ್ ಗುಡ್ಡಗಳ ನಡುವೆ ಹಾಯ್ದ ಕರಿಕಲ್ಲಿನ ಪಟ್ಟಿ ಅದು. ಅಲ್ಲಿಯ ಹಿರೇಗುಡ್ಡದಲ್ಲಿ ಕೆಲವು ಬಂಡೆ ಬಡಿದರೆ ಗಂಟೆಯಂತೆ ನಾದ ಬರುತ್ತದೆ, ಹೊಸ ಶಿಲಾಯುಗದವರು ಬಡಿದ ಗುರುತುಗಳೂ ಅದರ ಮೇಲಿವೆ. ಅವರು ಕೊಡಲಿ ಮಾಡುತ್ತಿದ್ದದ್ದೂ ಇದೇ ಕಲ್ಲಿನಿಂದ. ಅಲ್ಲಿಂದ ಚೂರೂ ತರಬಾರದು, ತರಲಿಲ್ಲ. ನನ್ನದು ಮನೆ ಕಟ್ಟುವವರು ರಸ್ತೆಗೆ ಸುರಿದ ಜಲ್ಲಿ ರಾಶಿಯ ಪಕ್ಕ ಸಿಕ್ಕ ಮುಷ್ಟಿಯಷ್ಟು ಗಟ್ಟಿ. ಗಾಜು ಗೀರಿತು. ತೊಳೆದ ಮೇಲೂ ಕಪ್ಪೇ. ಸುತ್ತಿಗೆ ತಾಗಿಸಿದರೆ ಠಣ್ ಅಂತು. ತೂಕ 3.0ರ ಹತ್ತಿರ ಬರಬೇಕು, ಬಂದರೆ ಇಪ್ಪತ್ತನೆಯ ಗುಂಡಿ ತುಂಬಿತು.

ನಿನ್ನೆ ತೂಗೋಣ ಅಂತ ತಕ್ಕಡಿ ಕೇಳಲು ಒಳಗೆ ಹೋದೆ. ಅಮ್ಮ ಅದೇ ಕಲ್ಲಿನಲ್ಲಿ ಶುಂಠಿ ಜಜ್ಜುತ್ತಿದ್ದರು. "ಕೈಗೆ ಚಲೋ ಕೂರ್ತದ, ನೀ ಬೇರೆ ಹುಡುಕ್ಕೋ" ಅಂದರು.

ಹತ್ತೊಂಬತ್ತೇ.