ಬ್ಯಾಟರಿ ಸತ್ತಿರಲಿಲ್ಲ, ಪ್ಯಾನೆಲ್‌ಗೆ ಸುಣ್ಣ ಹೊಡೆದಿದ್ದೆವು

ಪುನರ್ವಸು ಮಳೆಯಲ್ಲಿ ಕರೆಂಟು ಹೋಗೋದು ನಮ್ಮ ತೀರ್ಥಹಳ್ಳಿ ಕಡೆ ಸುದ್ದಿಯೇ ಅಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದಿರುತ್ತದೆ, ಲೈನ್‌ಮನ್ ಆ ಮಳೆಯಲ್ಲೇ ಹುಡುಕಿಕೊಂಡು ಹೋಗಬೇಕು, ಮೂರು ದಿನವೂ ಆಗಬಹುದು. ಅದಕ್ಕೇ ಮನೆಯಲ್ಲಿ 100 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್, 12 ವೋಲ್ಟಿನ ಒಂದು ಟ್ಯೂಬುಲರ್ ಬ್ಯಾಟರಿ ಇದೆ. ನಾಲ್ಕು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜು, ಅಷ್ಟೇ.

ಈ ಸಲ ರಾತ್ರಿ ಎಂಟಕ್ಕೇ ದೀಪ ಕಟ್ ಆಗತೊಡಗಿತು. ಪೇಟೆಯಿಂದ ಬಂದ ಮೆಕ್ಯಾನಿಕ್ ಪ್ಯಾನೆಲ್ ವೈರು ಬಿಚ್ಚಿ ಮೀಟರ್ ಇಟ್ಟ. "20 ವೋಲ್ಟ್ ಬರ್ತಿದೆ, ಪ್ಯಾನೆಲ್ ಸರಿ ಇದೆ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸ್ಬಿಡಿ" ಅಂದ. ಅಪ್ಪ ಆಗಲೇ ಅಡಿಕೆ ಲೆಕ್ಕ ಹಾಕಲು ಶುರು ಮಾಡಿದ್ದರು.

ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ವೋಲ್ಟೇಜ್ ನೋಡಿ ಪ್ಯಾನೆಲ್ ಸರಿ ಇದೆ ಅನ್ನೋದು ದೊಡ್ಡ ತಪ್ಪು. ಗಾಜಿನ ಮೇಲೆ ಕೊಳೆ ಕೂತಿದ್ದರೂ ವೈರು ಬಿಚ್ಚಿ ನೋಡಿದರೆ ವೋಲ್ಟೇಜ್ ಹೆಚ್ಚುಕಮ್ಮಿ ಹಾಗೇ ತೋರಿಸುತ್ತದೆ. ಕುಸಿಯೋದು ಆಂಪಿಯರ್, ಅಂದರೆ ಹರಿಯೋ ಕರೆಂಟು. ಬ್ಯಾಟರಿ ತುಂಬೋದು ಅದರಿಂದಲೇ ಅಲ್ವಾ? ಮಾರನೇ ದಿನ ಸ್ವಲ್ಪ ಹೊಳವಾಗಿ ಬಿಸಿಲು ಬಂದಾಗ ನೋಡಿದೆ, ಒಂದೂವರೆ ಆಂಪಿಯರ್. ಒಳ್ಳೆ ಬಿಸಿಲಿಗೆ ಐದರ ಹತ್ತಿರ ಇರಬೇಕಿತ್ತು.

ಏಣಿ ಹಾಕಿ ಕೊಟ್ಟಿಗೆ ಮಾಡು ಹತ್ತಿದೆ. ಗಾಜಿನ ತುಂಬ ತೆಳು ನೀಲಿ-ಬಿಳಿ ಪದರ! ಮಳೆಗಾಲಕ್ಕೆ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಅಂತ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೆವು. ಮೈಲುತುತ್ತ, ಸುಣ್ಣ. ಮಳೆಗೂ ತೊಳೆದು ಹೋಗದೆ ಅಂಟಿಕೊಂಡಿರಲಿ ಅಂತಲೇ ಹೊಡೆಸೋ ಔಷಧಿ, ಗಾಳಿಗೆ ಪ್ಯಾನೆಲ್ ಮೇಲೂ ಹಾರಿ ಕೂತಿದೆ. ಸಾಲದ್ದಕ್ಕೆ ಕೆಳಗಿನ ಅಂಚಿಗೆ ನಾಲ್ಕು ಬೆರಳಗಲ ಕೆಸರು, ಅದರ ಮೇಲೆ ಹಾವಸೆ. ನಾಲ್ಕು ಬೆರಳು ತಾನೇ ಅಂತ ಬಿಡೋ ಹಾಗಿಲ್ಲ. ಒಳಗಿನ 36 ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಕೆಳಸಾಲಿನ ಸೆಲ್‌ಗಳಿಗೆ ಬಿಸಿಲು ಬೀಳದಿದ್ದರೆ ಉಳಿದವೂ ಅವುಗಳಷ್ಟೇ ಕರೆಂಟು ಕೊಡಬೇಕಾಗುತ್ತದೆ.

ಮಾರನೇ ಬೆಳಿಗ್ಗೆ, ಗಾಜು ಬಿಸಿಯಾಗೋ ಮೊದಲು, ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ನೆನೆಸಿ ಮೆತ್ತಗೆ ಒರೆಸಿದೆ. ತೆಂಗಿನ ನಾರು, ಸೋಪಿನ ಪುಡಿ ಹಾಕಿ ಉಜ್ಜಬೇಡಿ, ಗಾಜು ಗೀರಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ 4.8 ಆಂಪಿಯರ್!

ಆದರೆ ಅಷ್ಟು ವಾರ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಒಂದೇ ದಿನಕ್ಕೆ ಸುಧಾರಿಸುವುದಿಲ್ಲ. ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಕರೆಂಟು ಬಂದಾಗ ಚಾರ್ಜರ್‌ಗೆ ಹಾಕಿ ಒಂದಿಡೀ ದಿನ ನಿಧಾನಕ್ಕೆ ಚಾರ್ಜ್ ಮಾಡಿದೆ. ಬ್ಯಾಟರಿಯ ಆರು ಸೆಲ್‌ಗೂ ಆಸಿಡ್ಡಿನ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಇಳಿಸಿದರೆ ಐದರಲ್ಲಿ 1240, ಅಂದರೆ ಫುಲ್. ಒಂದು ಮಾತ್ರ 1210ಕ್ಕೇ ನಿಂತಿದೆ. ಹಿಂದೊಮ್ಮೆ ಅಪ್ಪ "ನಮ್ ಬಾವಿ ನೀರಿಗಿಂತ ಚೊಕ್ಕ ನೀರು ಯಾವ್ದೋ" ಅಂತ ಸುರಿದ ಸೆಲ್ ಅದೇ ಇರಬೇಕು ಅಂತ ನನ್ನ ಗುಮಾನಿ, ಅವರು ಒಪ್ಪುವುದಿಲ್ಲ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು ಅಂತ ಬ್ಯಾಟರಿ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.

ಮುಂದಿನ ವಾರ ಹೊಳವು ಸಿಕ್ಕರೆ ಎರಡನೇ ಔಷಧಿಗೆ ಕೊನೆಗಾರ, ಅಂದರೆ ಅಡಿಕೆ ಮರ ಹತ್ತುವವನು, ಬರುತ್ತಾನೆ. ಆ ದಿನ ಪ್ಯಾನೆಲ್‌ಗೆ ಟಾರ್ಪಾಲ್ ಹೊದಿಸಬೇಕು. ಸಂಜೆ ನೆನಪಿಟ್ಟುಕೊಂಡು ತೆಗೆಯಲೂ ಬೇಕು.