‘ವಸತಿ: ಸ್ಥಿರ’ ಎಂದು ಟಿಕ್ ಹಾಕಿದ್ದು

ನಮ್ಮ ಮಾನಸಿಕ ಆರೋಗ್ಯ ಸೇವೆಯ ಅಸೆಸ್‌ಮೆಂಟ್ ಫಾರ್ಮಿನಲ್ಲಿ ವಸತಿಗೆ ಇರುವುದು ಒಂದೇ ಸಾಲು: ಸ್ಥಿರ, ಅಸ್ಥಿರ, ಮನೆಯಿಲ್ಲ. ಇಂಗ್ಲೆಂಡಿನಲ್ಲಿ ಆಶ್ರಯ ಕೋರಿ ಬಂದವರನ್ನು ಇಟ್ಟಿರುವ ಹೋಟೆಲೊಂದರಲ್ಲಿ ಏಳು ತಿಂಗಳಿಂದ ಇದ್ದ ಪೇಷಂಟಿಗೆ ‘ಸ್ಥಿರ’ ಒತ್ತಿದೆ. ಒಂದೇ ವಿಳಾಸ, ಮೂರು ಹೊತ್ತು ಊಟ, ಇನ್ನೇನು ಬೇಕು?

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 19. ಒಂದೊಂದಕ್ಕೂ 0ಯಿಂದ 3: ನಿದ್ದೆಯ ಪ್ರಶ್ನೆಗೆ 3, ಸಾಯುವ ಯೋಚನೆ ಕೇಳುವ ಒಂಬತ್ತನೆಯದಕ್ಕೆ 1. ಎಲ್ಲ ಹಿಂದಿನ ಆಘಾತದ್ದೇ ಅಂದುಕೊಂಡು ರಾತ್ರಿಗೆ ಮಿರ್ಟಜಪೀನ್ (ನಿದ್ದೆಯನ್ನೂ ತರಿಸುವ ಖಿನ್ನತೆಯ ಗುಳಿಗೆ) 15 ಮಿ.ಗ್ರಾಂ, ನಾಲ್ಕು ವಾರವಾದರೂ ನಿದ್ದೆ ಇಲ್ಲವೆಂದಾಗ 30. ಜೊತೆಗೊಂದು ಸ್ಲೀಪ್ ಹೈಜೀನ್ ಹಾಳೆ: ಹಾಸಿಗೆ ನಿದ್ದೆಗೆ ಮಾತ್ರ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ. ಬೇರೆ ಕೋಣೆಯಂತೆ! ಮೂರು ಮಂಚದ ಆ ಕೋಣೆಯಲ್ಲಿ ಕುರ್ಚಿಯೂ ಇರಲಿಲ್ಲ. ಊಟ, ಫೋನು, ಆಶ್ರಯದ ಅರ್ಜಿ ನೋಡುವ ಹೋಮ್ ಆಫೀಸಿನ ಕಾಗದ ಎಲ್ಲವೂ ಮೂರಡಿ ಹಾಸಿಗೆಯ ಮೇಲೆಯೇ.

ಎಂಟನೇ ವಾರದ ರಿವ್ಯೂವನ್ನು ಹೋಟೆಲಿನಲ್ಲೇ ಬುಧವಾರ 11ಕ್ಕೆ ಇಟ್ಟೆ. ವಾರದ ಫೈರ್ ಅಲಾರಂ ಟೆಸ್ಟ್ ಕೂಡ ಬುಧವಾರ 11ಕ್ಕೇ. ರಿಸೆಪ್ಷನ್ ಗೋಡೆಯ ಮೇಲೆ ಬರೆದಿದೆ, ನೋಡಿರಲಿಲ್ಲ. ಅಲಾರಂ ಹೊಡೆದದ್ದು ಇಪ್ಪತ್ತು ಸೆಕೆಂಡ್ ಇರಬಹುದು. ಪೇಷಂಟ್ ಮೇಜಿನ ಕೆಳಗೆ, ಬೆನ್ನು ಗೋಡೆಗೆ, ಎರಡೂ ಕೈ ಕಿವಿಗೆ. ಫೋನಿನ ಸ್ಪೀಕರಿನಲ್ಲಿ ಇಂಟರ್‌ಪ್ರಿಟರ್ ‘ಹಲೋ, ಹಲೋ’ ಅನ್ನುತ್ತಲೇ ಇದ್ದಾರೆ. ಸದ್ದು ನಿಂತ ಮೇಲೂ ಐದಾರು ನಿಮಿಷ ಪೇಷಂಟ್ ಅಲ್ಲಾಡಲಿಲ್ಲ. ಮುಟ್ಟಲಿಲ್ಲ, ಎಬ್ಬಿಸಲಿಲ್ಲ, ಬಾಗಿಲಿಗೆ ಅಡ್ಡವಾಗದಂತೆ ನಾನೂ ನೆಲದ ಮೇಲೆ ಕೂತೆ. ಆಗ ಕಂಡದ್ದು ಉರುಳಿಬಿದ್ದ ಅವರ ಚೀಲ. 28 ಗುಳಿಗೆಗಳ ಎರಡು ಡಬ್ಬಿ, ಒಂದು 15 ಮಿ.ಗ್ರಾಂನದು, ಒಂದು 30ರದ್ದು. ಸೀಲೂ ಒಡೆದಿರಲಿಲ್ಲ.

ಒಂಬತ್ತನೇ ಪ್ರಶ್ನೆಗೆ 1 ಅಂದವರ ಹತ್ತಿರ 56 ಗುಳಿಗೆ. ಸಾಯಲೆಂದು ಕೂಡಿಡುತ್ತಿದ್ದೀರಾ ಅಂತ ನೇರವಾಗಿ ಕೇಳಿದೆ. ಅದಲ್ಲ. ಬಾಗಿಲಿಗೆ ಒಳಚಿಲಕವಿಲ್ಲ, ಸಿಬ್ಬಂದಿ ಮಾಸ್ಟರ್ ಕೀ ಹಾಕಿ ಹೊತ್ತಲ್ಲದ ಹೊತ್ತಿನಲ್ಲಿ ಚೆಕ್ಕಿಂಗಿಗೆ ಬರುತ್ತಾರೆ. ಗುಳಿಗೆ ನುಂಗಿ ಮೈಮರೆತು ಮಲಗಿದರೆ ಬಂದವರು ಯಾರೆಂದು ಗೊತ್ತಾಗುವುದಾದರೂ ಹೇಗೆ? ನುಂಗದ ಗುಳಿಗೆಗೆ ನಾನು ಡೋಸ್ ಏರಿಸಿದ್ದೆ. ಅವರ ಒಪ್ಪಿಗೆ ಪಡೆದು ಡಬ್ಬಿಗಳನ್ನು ಫಾರ್ಮಸಿಗೆ ಮರಳಿಸಿ, ಪ್ರಿಸ್ಕ್ರಿಪ್ಷನ್ನನ್ನು ವಾರಕ್ಕೆ ಏಳು ಗುಳಿಗೆಯಂತೆ ಮಾಡಿಸಿದ್ದಾಯಿತು.

ಈಗ ಟ್ರಯಾಜಿನಲ್ಲಿ, ಅಂದರೆ ಮೊದಲ ವಿಚಾರಣೆಯಲ್ಲಿ, ಮೊದಲು ಕೋಣೆಯ ವಿಚಾರ, ಆಮೇಲೆ ಲಕ್ಷಣ. ಎಷ್ಟು ಮಂದಿ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತದಾ, ರಾತ್ರಿ ಎರಡಕ್ಕೆ ಊರಿಗೆ ಫೋನ್ ಮಾಡುವವರು ಯಾರು, ಕೀಲಿ ಯಾರ ಕೈಲಿ. ‘ಹೊರಗೆ ಓಡಾಡಿ ಬನ್ನಿ’ ಅನ್ನುವ ಮೊದಲು ಬಸ್ ಚಾರ್ಜ್ ಲೆಕ್ಕ ಹಾಕಿ: ಊಟ ಕೊಡುವ ಹೋಟೆಲಿನಲ್ಲಿ ಇರುವವರ ಕೈಗೆ ವಾರಕ್ಕೆ 10 ಪೌಂಡೂ ಸಿಗುವುದಿಲ್ಲ. ದುಡಿಯೋಣವೆಂದರೆ, ಅರ್ಜಿ 12 ತಿಂಗಳು ತೀರ್ಮಾನವಾಗದೆ ಉಳಿದ ಮೇಲಷ್ಟೇ ಅನುಮತಿ ಕೇಳಬಹುದು.

ವಸತಿಯವರಿಗೆ ಬರೆಯುವ ಪತ್ರದಲ್ಲಿ ‘ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮನೋರೋಗ) ಇದೆ, ಒಳ್ಳೆಯ ಕೋಣೆ ಕೊಡಿ’ ಎಂದರೆ ಯಾರೂ ಮಿಸುಕುವುದಿಲ್ಲ. ಬೇಕಾದ್ದನ್ನು ಒಂದೊಂದಾಗಿ ಬರೆಯಿರಿ: ಒಂಟಿ ಕೋಣೆ, ಒಳಚಿಲಕ, ಬಾಗಿಲು ತಟ್ಟಿ ಹೆಸರು ಹೇಳಿ ಅರ್ಧ ನಿಮಿಷ ಕಾದು ಒಳಬರುವುದು, ಅಲಾರಂ ಟೆಸ್ಟಿಗೆ ಹತ್ತು ನಿಮಿಷ ಮುಂಚೆ ತಿಳಿಸುವುದು. ಪ್ರತಿಯೊಂದರ ಎದುರಿಗೂ, ಅದಿಲ್ಲದ್ದರಿಂದ ಏನಾಗುತ್ತಿದೆ ಎಂಬುದು ಒಂದು ಸಾಲು. ಕೊನೆಯ ಎರಡಕ್ಕೆ ಕಾಸು ಖರ್ಚಿಲ್ಲ, ಅಂದೇ ಆಗಬಹುದು. ಒಂಟಿ ಕೋಣೆಯ ಆಸೆ ಹುಟ್ಟಿಸಬೇಡಿ. 2023ರಲ್ಲಿ ಪೋರ್ಟ್‌ಲ್ಯಾಂಡ್ ಬಂದರಿನ ಬಿಬ್ಬಿ ಸ್ಟಾಕ್‌ಹೋಮ್ ಎಂಬ ತೇಲುವ ವಸತಿ ಬಾರ್ಜಿನ 222 ಕೋಣೆಗಳಲ್ಲಿ 500 ಗಂಡಸರನ್ನು ಇಡಲು ಹೊರಟ ವ್ಯವಸ್ಥೆ ಇದು. ಮೊದಲ ವಾರವೇ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲ ಬ್ಯಾಕ್ಟೀರಿಯಾ ಸಿಕ್ಕಿ ಎಲ್ಲರನ್ನೂ ಕೆಳಗಿಳಿಸಬೇಕಾಯಿತು.

ಸ್ಥಳಾಂತರದ ಸುದ್ದಿ ಇದ್ದಾಗ ಇಎಂಡಿಆರ್ (ಆಘಾತದ ನೆನಪನ್ನು ಕೆದಕಿ ಗುಣಪಡಿಸುವ ಥೆರಪಿ) ಶುರು ಮಾಡಬೇಡಿ. ಊರು ಬದಲಾದರೆ ಜಿಪಿ, ಅಂದರೆ ಸ್ಥಳೀಯ ಡಾಕ್ಟರ್ ಬದಲು, ನಮ್ಮಲ್ಲಿ ಡಿಸ್ಚಾರ್ಜ್, ಅಲ್ಲಿ ಕ್ಯೂ ಮೊದಲಿಂದ. ಗಾಯ ಬಿಚ್ಚಿಟ್ಟು ಕಳಿಸಿದಂತೆ. ಪತ್ರ, ಪ್ರಿಸ್ಕ್ರಿಪ್ಷನ್ ಎರಡರ ಫೋಟೊವೂ ಪೇಷಂಟಿನ ಫೋನಿನಲ್ಲೇ ಇರಲಿ, ನಮ್ಮ ಸಿಸ್ಟಮ್ ಇನ್ನೊಂದು ಊರಿನ ಆರೋಗ್ಯ ಟ್ರಸ್ಟಿಗೆ ಕಾಣುವುದಿಲ್ಲ.

ಹೋಟೆಲಿನಲ್ಲಿ ಇರುವವರಿಗೆಲ್ಲ ಈಗ ‘ಅಸ್ಥಿರ’ ಒತ್ತುತ್ತೇನೆ. ಒತ್ತಿದ ಕೂಡಲೇ ಸಾಫ್ಟ್‌ವೇರ್ ಕೇಳುತ್ತದೆ: ಬಾಡಿಗೆ ಕರಾರು ಮುಗಿಯುವ ದಿನಾಂಕ? ಕಡ್ಡಾಯ ಕಾಲಂ, ಬಿಟ್ಟರೆ ಫಾರ್ಮ್ ಸೇವ್ ಆಗದು. ಅವತ್ತಿನ ತಾರೀಖು ಹಾಕಿ ಮುಂದೆ ಹೋಗುತ್ತೇನೆ.