ಸುತ್ತ ಸಮುದ್ರ, ಮಧ್ಯೆ ಒಂದು ಕೊಡ ಸಿಹಿನೀರು

ಫೋನ್ ಮಾಡಿದಾಗೆಲ್ಲ ಅವ್ವ ಮೊದಲು ಕೇಳುವುದು ಒಂದೇ ಮಾತು. "ಅಲ್ಲಿ ಮಳೆ ಆಯ್ತೇನೇ?" ಚಳ್ಳಕೆರೆ ಕಡೆಯ ಹೆಂಗಸು ಅವಳು. ನಾನು ಆಕ್ಲೆಂಡಿನಲ್ಲಿದ್ದಾಗಲೂ ಅದನ್ನೇ ಕೇಳುತ್ತಿದ್ದಳು. ಈಗ ಪೆಸಿಫಿಕ್ ಸಮುದ್ರದ ನಡುವೆ ಹಾಯಿದೋಣಿಯಲ್ಲಿದ್ದೇನೆ, ಈಗಲೂ ಅದೇ. ಮೊದಲು ಸುಮ್ನೆ "ಹ್ಞೂಂ" ಅಂದುಬಿಡುತ್ತಿದ್ದೆ. ಈ ಜೂನ್ ಕಳೆದ ಮೇಲೆ ಹಾಗೆ ಮಾಡುವುದಿಲ್ಲ. ಎಷ್ಟು ಹೊತ್ತು ಬಂತು, ಎಷ್ಟು ಬಕೆಟ್ ಹಿಡಿದೆವು, ಎಲ್ಲಾ ಹೇಳುತ್ತೇನೆ.

ನಾನು ಚಿತ್ರದುರ್ಗದವಳು, ಇವರು ದಾವಣಗೆರೆಯವರು. ಇಬ್ಬರೂ ಕಡಲು ಕಾಣದೆ ಬೆಳೆದವರು. ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಬಂದ ಮೇಲೆ ಇವರು ಹಾಯಿದೋಣಿ ನಡೆಸುವುದನ್ನು ಕಲಿತರು, ನನಗೂ ಕಲಿಸಿದರು. ಒಂದು ವರ್ಷ ರಜೆ ಹಾಕಿ, ಫ್ರೆಂಚ್ ಪಾಲಿನೇಷ್ಯಾದ ಹಿವಾ ಓವಾ ದ್ವೀಪದಲ್ಲಿ ಮಾರಾಟಕ್ಕಿದ್ದ 36 ಅಡಿಯ ಹಳೆಯ ದೋಣಿ ಕೊಂಡೆವು. ಅಲ್ಲಿಂದ ದ್ವೀಪ ದ್ವೀಪ ದಾಟುತ್ತಾ ಪಶ್ಚಿಮಕ್ಕೆ ಬರುವುದು ಲೆಕ್ಕ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಆಗ್ನೇಯದಿಂದಲೇ ಬೀಸುತ್ತದೆ. ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ಕಾಲ, ಅಷ್ಟರೊಳಗೆ ದಾಟಿಬಿಡಬೇಕು. ದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ನಿಂತು ಬೆಳೆದವಳಿಗೆ ಗಾಳಿ ಹೊಸದಲ್ಲ. ನನಗೆ ಪಾಠ ಕಲಿಸಿದ್ದು ನೀರು.

ಹಿವಾ ಓವಾದಿಂದ ತುವಾಮೊಟು ದ್ವೀಪಗಳಿಗೆ ಸುಮಾರು 500 ನಾಟಿಕಲ್ ಮೈಲಿ. ನಮ್ಮ ದೋಣಿಗೆ ಐದು ದಿನದ ದಾರಿ. ಮೂರನೇ ರಾತ್ರಿ ನನ್ನ ಪಾಳಿ ಇತ್ತು. ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್ ತಾನಾಗಿಯೇ ಓಡುತ್ತಿರುವ ಸದ್ದು ಕೇಳಿಸಿತು. ತಳಕ್ಕೆ ಸಮುದ್ರದ ನೀರು ನುಗ್ಗುತ್ತಿದೆ ಅಂತ ಎದೆ ಝಲ್ ಅಂದಿತು. ಹಲಗೆ ಎತ್ತಿ, ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಸಿಹಿ! ದೋಣಿ ತೂತಾಗಿರಲಿಲ್ಲ, ಆದರೆ ನಮ್ಮ ಕುಡಿಯುವ ನೀರು ಹೋಗುತ್ತಿತ್ತು. ಟ್ಯಾಂಕಿನ ಪೈಪಿಗೆ ಹಾಕಿದ್ದ ಕ್ಲಿಪ್ಪು ತುಕ್ಕು ಹಿಡಿದು ಮುರಿದಿತ್ತು. ಪಂಪು ಇನ್ನೂರು ಲೀಟರ್ ಸಿಹಿನೀರನ್ನು ಸಮುದ್ರಕ್ಕೆ ಚೆಲ್ಲಿಬಿಟ್ಟಿತ್ತು.

ಕಡಲ ನೀರನ್ನು ಸಿಹಿ ಮಾಡುವ ಯಂತ್ರ ನಮ್ಮ ದೋಣಿಯಲ್ಲಿ ಇಲ್ಲ. ಕ್ಯಾನುಗಳಲ್ಲಿ ಬೇರೆಯಾಗಿ ಕಟ್ಟಿಟ್ಟಿದ್ದ 40 ಲೀಟರ್ ಉಳಿದಿತ್ತು. ಇಬ್ಬರಿಗೆ ಎರಡು ದಿನಕ್ಕೆ ಸಾಕು, ನಿಜ. ಆದರೆ ಗಾಳಿ ಬಿದ್ದರೆ ಎರಡು ದಿನ ಆರಾಗಬಹುದು. ಅನ್ನಕ್ಕೆ ಮೂರನೇ ಒಂದು ಭಾಗ ಕಡಲ ನೀರು ಹಾಕಿದೆ, ಉಪ್ಪು ಬೇರೆ ಬೇಕಾಗಲಿಲ್ಲ. ಪಾತ್ರೆಗೆ, ಸ್ನಾನಕ್ಕೆ ಕಡಲ ನೀರೇ. ಬೆಳಗ್ಗೆ ಮುಖಕ್ಕೆ ಒಂದು ಲೋಟ ಹಿಡಿದುಕೊಂಡಾಗ ಅಜ್ಜಿ ನೆನಪಾದಳು. ನಲ್ಲಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು ಬರುತ್ತಿದ್ದ ಬೇಸಿಗೆಯಲ್ಲಿ ಒಂದು ತಂಬಿಗೆ ನೀರಲ್ಲಿ ಮುಖ, ಕೈಕಾಲು ತೊಳೆದು, ಉಳಿದದ್ದನ್ನು ತುಳಸಿಗೆ ಹಾಕುತ್ತಿದ್ದಳು. ಆಗ ಅದೊಂದು ವಿದ್ಯೆ ಅಂತ ನನಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಬೆಳಗಿನ ಜಾವ ಮಳೆ ಬಂತು. ಹಾಯಿಯ ಕೆಳಗಿನ ಅಡ್ಡಕಂಬದ ತುದಿಯನ್ನು ಮೇಲಕ್ಕೆಳೆದರೆ ಹಾಯಿಗೆ ಬಿದ್ದ ನೀರೆಲ್ಲ ಇಳಿಜಾರಿನಲ್ಲಿ ಕಂಬದ ಕಡೆಗೆ ಹರಿಯುತ್ತದೆ. ಅಲ್ಲಿ ಬಕೆಟ್ ಕಟ್ಟಬೇಕು. ಮೊದಲ ಐದು ನಿಮಿಷದ ನೀರು ಹಿಡಿಯುವಂತಿಲ್ಲ, ಹಾಯಿಗೆ ಅಂಟಿದ ಉಪ್ಪು ತೊಳೆದು ಹೋಗಬೇಕು. ಸುರಿಯುವ ಮಳೆಯಲ್ಲಿ ನಿಂತು, ಆ ನೀರನ್ನು ಸುಮ್ಮನೆ ಹೋಗಲು ಬಿಡುವುದು ಎಷ್ಟು ಕಷ್ಟ ಗೊತ್ತಾ? ಆಮೇಲೆ ಹಿಡಿದೆವು. ನಾಲ್ಕು ಬಕೆಟ್. ಅಷ್ಟಕ್ಕೇ ಇವರು ಮಗುವಿನಂತೆ ಕುಣಿದರು.

ನಾವು ತಲುಪಿದ್ದು ಫಕರಾವಾಗೆ. ಇದು ಬೆಟ್ಟ ಇಲ್ಲದ ದ್ವೀಪ. ನಡುವೆ ಒಳಗಡಲು, ಅದರ ಸುತ್ತ ಹವಳದ ದಿಬ್ಬದ ಉಂಗುರ, ಉಂಗುರದ ಮೇಲೆ ತೆಂಗಿನ ಮರ. ಹಿಂದೆ ಇಲ್ಲಿ ಜ್ವಾಲಾಮುಖಿ ಬೆಟ್ಟ ಇತ್ತು. ಅದು ನಿಧಾನವಾಗಿ ಕುಸಿಯುತ್ತಾ ಹೋಯಿತು, ಅಂಚಿನ ಹವಳ ಮೇಲಕ್ಕೆ ಬೆಳೆಯುತ್ತಲೇ ಬಂತು. ಬೆಟ್ಟ ಮುಳುಗಿತು, ಉಂಗುರ ಉಳಿಯಿತು. 1842ರಲ್ಲೇ ಡಾರ್ವಿನ್ ಇದನ್ನು ಬರೆದಿದ್ದರು. ಒಳಗಡಲಿನ ಉದ್ದ ಸುಮಾರು 60 ಕಿಲೋಮೀಟರ್. ಒಳಗೆ ಹೋಗಲು ಉಂಗುರದಲ್ಲಿ ಎರಡೇ ಕಂಡಿಗಳಿವೆ. ಉಬ್ಬರ ಇಳಿತಕ್ಕೆ ಅಷ್ಟೂ ನೀರು ಅಲ್ಲೇ ಹೋಗಿ ಬರಬೇಕು, ಹಾಗಾಗಿ ಸೆಳೆತ ಜಾಸ್ತಿ. ನೀರು ತಿರುಗುವ ಆ ಸ್ವಲ್ಪ ಹೊತ್ತಿಗಾಗಿ ಹೊರಗೆ ಕಾದು ನಿಂತೆವು. ಒಳಗೆ ಬಂದ ಮೇಲೆ ನಾನು ದೋಣಿಯ ಮೂತಿಯಲ್ಲಿ ನಿಂತು ಬಣ್ಣ ನೋಡಿ ಕೂಗುತ್ತಿದ್ದೆ. ಕಡುನೀಲಿ ಆದರೆ ಆಳ, ಕಂದು ಆದರೆ ಹವಳದ ಬಂಡೆ. ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಮಾತ್ರ ಇದು ಕಾಣುತ್ತದೆ. ಲಂಗರಿನ ಸರಪಳಿ ಹವಳಕ್ಕೆ ಸುತ್ತಿಕೊಂಡು ಅದನ್ನು ಮುರಿಯಬಾರದಲ್ವಾ, ಅದಕ್ಕೆ ನಡುನಡುವೆ ತೇಲುವ ಬುರುಡೆ ಕಟ್ಟಿ ಸರಪಳಿಯನ್ನು ನೆಲದಿಂದ ಎತ್ತಿ ಬಿಟ್ಟೆವು.

ಆ ದ್ವೀಪದ ರೊಟೊಆವಾ ಊರಿನಲ್ಲಿ ನೀರು ಕೇಳುವುದಕ್ಕೇ ಸಂಕೋಚ ಆಯಿತು. ಇಂಥ ದ್ವೀಪದಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು, ಕೆಳಗಿನ ಉಪ್ಪುನೀರಿನ ಮೇಲೆ ಒಂದು ತೆಳು ಪದರದಂತೆ ತೇಲುತ್ತಿರುತ್ತದೆ. ಜಾಸ್ತಿ ಎತ್ತಿದರೆ ಉಪ್ಪು ಮೇಲೆ ಬಂದುಬಿಡುತ್ತದೆ. ಇನ್ನೊಂದು ಬೋರ್ ಕೊರೆದು ನೋಡೋಣ ಅನ್ನುವ ಹಾಗಿಲ್ಲ. ಕುಡಿಯಲು ಸೂರಿನ ನೀರೇ ಗತಿ. ಮನೆಮನೆಗೂ ತಗಡಿನ ಸೂರಿನಿಂದ ದೋಣಿಪೈಪು, ಕೆಳಗೆ ಟ್ಯಾಂಕು.

ಒಬ್ಬ ಅಜ್ಜಿ ಕೇಳದೆಯೇ ನಮ್ಮ ಖಾಲಿ ಕ್ಯಾನು ನೋಡಿ ಕರೆದರು. ನಮ್ಮ ಯಜಮಾನರ ಅರೆಬರೆ ಫ್ರೆಂಚಿನಲ್ಲೇ ಮಾತು. ನಿಮ್ಮ ಊರಲ್ಲಿ ಸಮುದ್ರ ಹೇಗಿದೆ ಅಂದರು. ಸಮುದ್ರ ಇಲ್ಲ, ಮಳೆಯೂ ಕಮ್ಮಿ ಅಂದೆ. ಹಾಗಾದರೆ ನೀರಿಗೇನು ಮಾಡುತ್ತೀರಿ? ಫೋನಿನಲ್ಲಿ ದುರ್ಗದ ಕೋಟೆಯ ಫೋಟೋ ತೋರಿಸಿದೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಹಾಗೇ ಇಳಿದು ಇಳಿದು ಪೇಟೆಯ ಸಂತೆ ಹೊಂಡಕ್ಕೆ ಅಂತ ಬೆರಳಲ್ಲೇ ತೋರಿಸುತ್ತಾ ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಟ್ಯಾಂಕು ತುಂಬಿದ ಮೇಲೆ ಉಕ್ಕುವ ನೀರಿಗೆ ಒಂದು ಪೈಪು, ಅದು ಬಟ್ಟೆ ಒಗೆಯುವ ಡ್ರಮ್ಮಿಗೆ. ಡ್ರಮ್ಮಿನಿಂದ ಒಂದು ಸಣ್ಣ ಕಾಲುವೆ, ಅದು ದೀವಿ ಹಲಸಿನ ಮರದ ಬುಡಕ್ಕೆ. ಫೋಟೋ ಕಡೆ ಒಮ್ಮೆ, ಕಾಲುವೆ ಕಡೆ ಒಮ್ಮೆ ಬೆರಳು ಮಾಡಿ ನಕ್ಕರು. ನನಗೆ ಕಣ್ಣು ತುಂಬಿ ಬಂತು.

2022ರಲ್ಲಿ, 89 ವರ್ಷದ ಮೇಲೆ ನಮ್ಮ ಕಡೆಯ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಅವ್ವ ಹೊಸ ಸೀರೆ ಉಟ್ಟು ನೋಡಲು ಹೋಗಿದ್ದಳು. ಅಷ್ಟು ದೂರ ಯಾಕೆ ಹೋದೆ, ಟೀವಿಯಲ್ಲಿ ಬರುತ್ತಲ್ಲ ಅಂತ ನಾನು ಆಕ್ಲೆಂಡಿನಿಂದ ಬೈದಿದ್ದೆ.

ಆ ಸಂಜೆ ರೊಟೊಆವಾದಿಂದಲೇ ಅವ್ವನಿಗೆ ಫೋನ್ ಮಾಡಿದೆ. ಅವಳು ಬಾಯಿ ತೆಗೆಯುವ ಮೊದಲೇ ನಾನು ಕೇಳಿದೆ, "ಅಲ್ಲಿ ಮಳೆ ಆಯ್ತೇನವ್ವ?"

"ಇನ್ನೂ ಇಲ್ಲ ಕಣೇ," ಅಂದಳು. "ಶೇಂಗಾ ಬೀಜ ತಂದಿಟ್ಟಿದೀವಿ. ಮೋಡ ಐತೆ."